ಕಟ್ಟೆಗೆ ಸಮವಾದ ಕಿಟಕಿಗೂ ಒಂದು ಹೊಸ್ತಿಲು ಬೇಕು

ಹೊಸ ಮನೆ ಕಟ್ಟಿಸುತ್ತಿರುವವರ ಮೊಬೈಲಿನಲ್ಲಿ ಈಗ ಒಂದು ಚಿತ್ರ ಇದ್ದೇ ಇರುತ್ತದೆ. ಅಡುಗೆ ಕಟ್ಟೆಯ ಕಪ್ಪು ಕಲ್ಲು ನುಣ್ಣಗೆ ಹರಿದು ಹೋಗಿ ನೇರವಾಗಿ ಗಾಜಿಗೆ ತಾಗುತ್ತದೆ. ನಡುವೆ ಟೈಲ್ಸಿನ ಪಟ್ಟಿಯಿಲ್ಲ, ಕಿಟಕಿಯ ದಂಡೆಯಿಲ್ಲ, ಗಾಜಿನಾಚೆ ಹಸಿರು. ಇಂಥ ಚಿತ್ರಗಳಲ್ಲಿ ಎಷ್ಟೋ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯವು. ಅಲ್ಲಿ ಅಡುಗೆಮನೆಯ ಹೊರಗೆ ಮರದ ಜಗಲಿ ಇರುತ್ತದೆ, ಒಳಗೆ ಬೇಯಿಸಿದ್ದನ್ನು ಕಿಟಕಿಯಿಂದಲೇ ಹೊರಗೆ ದಾಟಿಸುತ್ತಾರೆ, ಹಾಗಾಗಿ ಕಲ್ಲು ಒಳಗಿಂದ ಹೊರಗೆ ಒಂದೇ ಮಟ್ಟದಲ್ಲಿ ಸಾಗಬೇಕು. ನಮ್ಮ ಕಟ್ಟಡದ ರೂಢಿ ಬೇರೆ. ನೆಲದಿಂದ 32-34 ಇಂಚಿಗೆ ಅಡುಗೆ ಕಟ್ಟೆ, ಮೂರೂವರೆ ಅಡಿಗೆ ಕಿಟಕಿಯ ಸಿಲ್, ಏಳು ಅಡಿಗೆ ಲಿಂಟಲ್. ಕಟ್ಟೆಗೂ ಕಿಟಕಿಗೂ ನಡುವೆ ಉಳಿಯುವ ಎಂಟು-ಹತ್ತು ಇಂಚಿನ ಗೋಡೆಗೆ ಟೈಲ್ಸ್ ಅಂಟಿಸಿ ಮುಗಿಸುತ್ತೇವೆ. ಆ ಎಂಟು-ಹತ್ತು ಇಂಚನ್ನು ತೆಗೆದುಬಿಡಿ ಎಂದು ಮನೆಯವರು ಕೇಳಿದಾಗ ಮೇಸ್ತ್ರಿ ‘ಮಳೆ ನೀರು ಬರುತ್ತೆ’ ಎನ್ನುತ್ತಾರೆ, ಒಳಾಂಗಣ ವಿನ್ಯಾಸದವರು ‘ಸಿಲಿಕೋನ್ ಹಾಕಿದರಾಯಿತು’ ಎನ್ನುತ್ತಾರೆ. ಮೇಸ್ತ್ರಿಯ ಭಯ ನಿಜ, ಆದರೆ ಆಸೆಯನ್ನು ಕೈಬಿಡಬೇಕಾದಷ್ಟಲ್ಲ. ವಿನ್ಯಾಸದವರ ಧೈರ್ಯಕ್ಕೆ ಮಾತ್ರ ಬುಡವಿಲ್ಲ. ಕಟ್ಟೆಗೆ ಸಮನಾದ ಕಿಟಕಿ ಖಂಡಿತ ಕೂರಿಸಬಹುದು, ಆದರೆ ಆ ಸಮ ಒಳಗಿನ ಕಣ್ಣಿಗಷ್ಟೇ ಇರಬೇಕು, ಹೊರಗಿನ ನೀರಿಗೆ ಅಲ್ಲಿ ಒಂದು ಮೆಟ್ಟಿಲೇ ಇರಬೇಕು ಎಂಬುದು ಈ ಬರಹದ ವಾದ.

ಮೊದಲು ಲಾಭವೇನು ನೋಡೋಣ, ಏಕೆಂದರೆ ಇದನ್ನು ಮಾರುವವರು ಹೇಳುವ ಲಾಭವೇ ಬೇರೆ. ಬೆಳಕು ಹೆಚ್ಚುತ್ತದೆ ಎನ್ನುತ್ತಾರೆ. ಕೋಣೆಯ ಒಳಗಿನವರೆಗೆ ಬೆಳಕನ್ನು ಒಯ್ಯುವುದು ಕಿಟಕಿಯ ಮೇಲ್ಭಾಗ. ಕೆಳಗೆ ಸೇರಿಸಿದ ಎಂಟು-ಹತ್ತು ಇಂಚು ಗಾಜಿನ ಪಕ್ಕದ ಕಲ್ಲನ್ನಷ್ಟೇ ಬೆಳಗುತ್ತದೆ. ನಿಜವಾದ ಲಾಭ ನೋಟದ್ದು. ಕಟ್ಟೆಯ ಮುಂದೆ ನಿಂತವರ ಕಣ್ಣು ನೆಲದಿಂದ 140 ಸೆಂ.ಮೀ ಎತ್ತರದಲ್ಲಿದೆ, ಕಿಟಕಿ 75 ಸೆಂ.ಮೀ ದೂರದಲ್ಲಿದೆ, ಮನೆಯ ತಳಪಾಯ ಅಂಗಳಕ್ಕಿಂತ ಒಂದೂವರೆ ಅಡಿ ಮೇಲಿದೆ ಎಂದು ಇಟ್ಟುಕೊಳ್ಳಿ. ಸಿಲ್ ಮೂರೂವರೆ ಅಡಿಗೆ ಇದ್ದರೆ ಅಂಗಳದ ನೆಲ ಕಣ್ಣಿಗೆ ಬೀಳುವುದು ಸುಮಾರು ಹದಿಮೂರೂವರೆ ಅಡಿ ಆಚೆಯಿಂದ. ಅದನ್ನು 34 ಇಂಚಿಗೆ ಇಳಿಸಿದರೆ ಎಂಟೂವರೆ ಅಡಿಯಿಂದಲೇ ಕಾಣಿಸುತ್ತದೆ. ನಡುವಿನ ಆ ಐದು ಅಡಿಯಲ್ಲೇ ನಮ್ಮ ತುಳಸಿಕಟ್ಟೆ, ಕರಿಬೇವಿನ ಗಿಡ, ಆಡುವ ಮಕ್ಕಳು ಇರುತ್ತಾರೆ. ಇನ್ನೊಂದು ಲಾಭ ಸ್ವಚ್ಛತೆಯದು. ಕಟ್ಟೆಯೂ ಗೋಡೆಯೂ ಕೂಡುವ ಮೂಲೆಯಲ್ಲಿ ಟೈಲ್ಸಿನ ಸಂದು ಎಣ್ಣೆಜಿಡ್ಡು ಹಿಡಿದು ಕಪ್ಪಾಗುತ್ತದೆ, ಕಿಟಕಿಯ ದಂಡೆಯ ಮೇಲೆ ಖಾಲಿ ಸೀಸೆಗಳು ಸಾಲುಗಟ್ಟುತ್ತವೆ. ದಂಡೆಯೇ ಇಲ್ಲದಿದ್ದರೆ ಒರೆಸುವ ಬಟ್ಟೆ ಒಂದೇ ಎಳೆತಕ್ಕೆ ಗಾಜಿನವರೆಗೆ ಹೋಗುತ್ತದೆ. ಇವು ದಿನಾ ಒದಗುವ ಲಾಭಗಳು, ಅದಕ್ಕಾಗಿ ಸ್ವಲ್ಪ ಶ್ರಮ ಪಡುವುದರಲ್ಲಿ ತಪ್ಪಿಲ್ಲ.

ಆದರೆ ನಾವು ತೆಗೆಯಲು ಹೊರಟ ಆ ಗೋಡೆಪಟ್ಟಿ ಸುಮ್ಮನೆ ನಿಂತಿರಲಿಲ್ಲ. ಮಳೆಯ ನೀರು ಕೆಳಕ್ಕೆ ಮಾತ್ರ ಹರಿಯುತ್ತದೆ ಎಂಬುದು ಗಾಳಿಯಿಲ್ಲದ ದಿನದ ಸತ್ಯ. ಗಾಳಿ ಗೋಡೆಗೆ ಬಡಿದಾಗ ಹೊರಗಿನ ಒತ್ತಡ ಒಳಗಿನದಕ್ಕಿಂತ ಹೆಚ್ಚುತ್ತದೆ, ಆ ಒತ್ತಡ ಸಂದಿನಲ್ಲಿರುವ ನೀರನ್ನು ಮೇಲಕ್ಕೆ ತಳ್ಳುತ್ತದೆ. ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಗಂಟೆಗೆ 54 ಕಿ.ಮೀ ವೇಗದ ಗಾಳಿಯ ಒತ್ತಡ ಸುಮಾರು 14 ಮಿ.ಮೀ ಎತ್ತರದ ನೀರಿನ ಭಾರಕ್ಕೆ ಸಮ, 72 ಕಿ.ಮೀ ಆದರೆ 24 ಮಿ.ಮೀಗೆ. ಕಟ್ಟಡಗಳ ಗಾಳಿಭಾರಕ್ಕೆಂದು ನಮ್ಮ ದೇಶದ ಮಾನಕ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲವೇಗವನ್ನು ಗೊತ್ತುಮಾಡಿದೆ. ಅದು ಬಹು ಅಪರೂಪದ ಬಿರುಗಾಳಿಯ ಅಂಕಿ, ಅಡುಗೆಮನೆಯ ಕಿಟಕಿಯ ಸಂದನ್ನು ಅಷ್ಟಕ್ಕೆ ಲೆಕ್ಕಹಾಕಬೇಕಿಲ್ಲ. ಆದರೆ ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ 50-60 ಕಿ.ಮೀ ಗಾಳಿ ಬೀಸುವುದು ಯಾವ ಊರಿಗೂ ಹೊಸದಲ್ಲ. ಒಳಗೂ ಹೊರಗೂ ಒಂದೇ ಮಟ್ಟದ ಕಲ್ಲಿನ ಮೇಲೆ ಚೌಕಟ್ಟನ್ನು ನಿಲ್ಲಿಸಿದರೆ ಒಳಬರುವ ನೀರು ಹತ್ತಬೇಕಾದ ಎತ್ತರ ಸೊನ್ನೆ. ತಡೆಯಾಗಿ ಉಳಿಯುವುದು ಅಂಟಿನ ಒಂದು ಎಳೆ ಮಾತ್ರ. ಅದೇ ಚೌಕಟ್ಟಿನ ಹೊರಭಾಗ 40 ಮಿ.ಮೀ ಕೆಳಗಿದ್ದರೆ 72 ಕಿ.ಮೀ ಗಾಳಿಗೂ ನೀರು ನಡುದಾರಿಯಲ್ಲಿ ನಿಂತು ಹಿಂದಿರುಗುತ್ತದೆ. ಇದು ನಮ್ಮ ಹಿರಿಯರಿಗೆ ಗೊತ್ತಿರದ ವಿದ್ಯೆಯೇನಲ್ಲ. ಬಾಗಿಲಿಗೆ ಹೊಸ್ತಿಲಿಟ್ಟವರು, ಬಚ್ಚಲುಮನೆಯ ನೆಲವನ್ನು ಇಂಚಿನಷ್ಟು ತಗ್ಗಿಸಿದವರು, ಜಗಲಿಯನ್ನು ಪಡಸಾಲೆಗಿಂತ ಒಂದು ಮೆಟ್ಟಿಲು ಕೆಳಗಿಟ್ಟವರು ಇದನ್ನೇ ಮಾಡಿದ್ದಾರೆ. ಬಚ್ಚಲನ್ನೂ ಕೋಣೆಯನ್ನೂ ಸಮ ಮಾಡಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು, ಕಿಟಕಿಯ ವಿಷಯಕ್ಕೆ ಬಂದಾಗ ಮಾತ್ರ ಮರೆತುಬಿಡುತ್ತೇವೆ.

ಮೇಲೆ ಸಜ್ಜಾ ಇದೆಯಲ್ಲ, ಮಳೆ ಕಿಟಕಿಯ ಬುಡಕ್ಕೆ ತಲುಪುವುದೇ ಇಲ್ಲ ಎಂಬ ಆಕ್ಷೇಪ ಮೊದಲು ಬರುತ್ತದೆ. ಇದನ್ನೂ ಲೆಕ್ಕಕ್ಕೆ ಹಚ್ಚಬಹುದು. ಮಧ್ಯಮ ಗಾತ್ರದ ಮಳೆಹನಿ ಸೆಕೆಂಡಿಗೆ ಆರೇಳು ಮೀಟರ್ ವೇಗದಲ್ಲಿ ಬೀಳುತ್ತದೆ. ಅಡ್ಡಗಾಳಿ ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ ಇದ್ದರೆ ಹನಿ ಕೆಳಗಿಳಿಯುವುದಕ್ಕಿಂತ ಹೆಚ್ಚು ಪಕ್ಕಕ್ಕೆ ಸಾಗುತ್ತದೆ. ಒಂದೂವರೆ ಅಡಿ ಚಾಚಿದ ಸಜ್ಜಾ ಆಗ ಕಾಪಾಡುವುದು ತನ್ನ ಕೆಳಗಿನ ಒಂದು ಅಡಿಯನ್ನು. ಲಿಂಟಲಿನಿಂದ ಕಟ್ಟೆಯವರೆಗೆ ನಾಲ್ಕು ಅಡಿಗೂ ಮಿಕ್ಕಿದ ಕಿಟಕಿಯಲ್ಲಿ ಕೆಳಗಿನ ಮೂರು ಅಡಿ ನೆನೆಯುತ್ತದೆ. ನೆನೆದ ಗಾಜಿನ ನೀರೆಲ್ಲ ಇಳಿದು ಬಂದು ಸೇರುವುದು ಕಲ್ಲೂ ಚೌಕಟ್ಟೂ ಕೂಡುವ ಆ ಒಂದು ಗೆರೆಯಲ್ಲೇ. ಹಾಗೆಂದು ಸಜ್ಜಾ ಬೇಡವೆಂದಲ್ಲ, ಎರಡು ಅಡಿಯದಾದರೆ ಇನ್ನೂ ಒಳ್ಳೆಯದು. ಆದರೆ ವರ್ಷಕ್ಕೆ 7,000 ಮಿ.ಮೀ ಮೀರಿ ಮಳೆ ಬೀಳುವ ಆಗುಂಬೆಯ ಕಡೆಯವರಿಗೆ ಈ ಮಾತನ್ನು ವಿವರಿಸಬೇಕಿಲ್ಲ, ಅಲ್ಲಿ ಮಾಡನ್ನೇ ಗೋಡೆಯಾಚೆ ಉದ್ದಕ್ಕೆ ಇಳಿಸುತ್ತಾರೆ. ಮರೆಯುವವರು ಬಯಲುಸೀಮೆಯವರು. ಮಳೆ ಕಡಿಮೆಯಾದರೂ ಅಲ್ಲಿನ ಸಂಜೆಯ ಮಳೆ ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ.

ಇನ್ನು ಕಲ್ಲಿನ ಮಾತು. ಚಿತ್ರದಲ್ಲಿರುವಂತೆ ಒಂದೇ ಕಲ್ಲನ್ನು ಒಳಗಿನ ಅಂಚಿನಿಂದ ಹೊರಗೋಡೆಯಾಚೆಗೆ ಹಾಸಬೇಕೆಂದರೆ ಎರಡು ಅಡಿಯ ಕಟ್ಟೆ, ಆರಿಂಚಿನ ಗೋಡೆ, ಎರಡೂ ಕಡೆಯ ಪ್ಲಾಸ್ಟರು, ಹೊರಚಾಚು ಎಲ್ಲ ಸೇರಿ ಸುಮಾರು 33-34 ಇಂಚು ಅಗಲದ ಕಲ್ಲು ಬೇಕು. ಅಡುಗೆ ಕಟ್ಟೆಗೆಂದು ಸಾಮಾನ್ಯವಾಗಿ ಮಾರುವ ‘ಕಟರ್’ ಹಲಗೆಗಳು ಹೆಚ್ಚುಪಾಲು ಇದಕ್ಕಿಂತ ಕಿರಿದು, ಇಷ್ಟಗಲ ಬೇಕಾದರೆ ‘ಗ್ಯಾಂಗ್‌ಸಾ’ ಹಲಗೆಗೆ ಹೋಗಬೇಕು, ದರ ಏರುತ್ತದೆ. ಹಣವಿದ್ದವರೂ ಇದನ್ನು ಮಾಡಬಾರದೆಂಬುದಕ್ಕೆ ಕಾರಣ ಬೇರೆ. ಆ ಒಂದೇ ಕಲ್ಲಿನ ಅರ್ಧ ಕಟ್ಟೆಯ ಕೆಳಗಿನ ಕಡಪ ಕಲ್ಲಿನ ಮೇಲೆ ಕೂತಿರುತ್ತದೆ, ಇನ್ನರ್ಧ ಗೋಡೆಯ ಮೇಲೆ. ಕಟ್ಟೆಯ ಕಾಲು ನಿಂತಿರುವುದು ನೆಲದ ಮೇಲೆ, ಗೋಡೆ ನಿಂತಿರುವುದು ಅಡಿಪಾಯದ ಮೇಲೆ. ನೆಲದ ಕೆಳಗಿನ ಮಣ್ಣು ಒಂದೆರಡು ಮಿ.ಮೀ ಕುಸಿದರೂ ಸಾಕು, ಗೋಡೆಯ ಒಳಮುಖದ ಗೆರೆಯಲ್ಲೇ ಕಲ್ಲು ಸೀಳುತ್ತದೆ. ಗ್ರಾನೈಟ್ ಒತ್ತಿದರೆ ತಡೆಯುತ್ತದೆ, ಬಗ್ಗಿಸಿದರೆ ತಡೆಯುವುದಿಲ್ಲ. ಅದರ ಮೇಲೆ ಹೊರಗಿನ ಚಾಚು ಬಿಸಿಲಿಗೆ ಕಾಯುತ್ತದೆ, ಒಳಗಿನದು ತಂಪಾಗಿರುತ್ತದೆ. ಇರುವೆಗಳಿಗಂತೂ ಇಂಥ ಕಲ್ಲು ಅಂಗಳದಿಂದ ಸಕ್ಕರೆ ಡಬ್ಬಿಯವರೆಗೆ ಹಾಕಿಕೊಟ್ಟ ಹೆದ್ದಾರಿ.

ಹಾಗಾದರೆ ಹೇಗೆ? ಕಲ್ಲನ್ನು ಎರಡು ಮಾಡಿ, ಎರಡರ ನಡುವೆ ಚೌಕಟ್ಟನ್ನು ಮುಳುಗಿಸಬೇಕು. ಜಾರುವ ಕಿಟಕಿಯ ತಳದ ಟ್ರ್ಯಾಕಿಗೆ ಸುಮಾರು 40-50 ಮಿ.ಮೀ ಎತ್ತರವಿರುತ್ತದೆ. ಆ ಎತ್ತರವನ್ನು ಕಟ್ಟೆಯ ಮೇಲೆ ತೋರಿಸುವ ಬದಲು ಕೆಳಕ್ಕೆ ಇಳಿಸಿ. ಒಳಗಿನ ಕಲ್ಲು ಬಂದು ಚೌಕಟ್ಟಿನ ಒಳಮುಖದ ಹತ್ತಿರ ಐದಾರು ಮಿ.ಮೀ ಸಂದು ಬಿಟ್ಟು ನಿಲ್ಲಲಿ, ಟ್ರ್ಯಾಕಿನ ಒಳದಂಡೆಯ ತಲೆ ಕಲ್ಲಿನ ಮಟ್ಟಕ್ಕೆ ಬರಲಿ. ಹೊರಗಿನ ಕಲ್ಲು ಬೇರೆ ತುಂಡು. ಅದು ಚೌಕಟ್ಟಿನ ತಳದ ಕೆಳಗಿಂದ ಶುರುವಾಗಿ ಹೊರಕ್ಕೆ ವಾಟವಾಗಿ ಇಳಿಯಬೇಕು, ಹತ್ತು ಸೆಂ.ಮೀಗೆ ಒಂದು ಸೆಂ.ಮೀ ಇಳಿದರೆ ಸಾಕು. ಗೋಡೆಯ ಪ್ಲಾಸ್ಟರಿನಿಂದ ಮೂರು ನಾಲ್ಕು ಸೆಂ.ಮೀ ಚಾಚಿರಬೇಕು, ಚಾಚಿನ ಅಡಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಒಂದು ಗೀರು ಹೊಡೆದಿರಬೇಕು. ಆ ಗೀರಿಲ್ಲದಿದ್ದರೆ ನೀರು ಕಲ್ಲಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ ಬಂದು ಗೋಡೆಗೆ ಇಳಿಯುತ್ತದೆ, ಬಣ್ಣದ ಮೇಲೆ ಮೀಸೆ ಬರೆದಂತೆ ಕಲೆ ಬೀಳುತ್ತದೆ. ಟ್ರ್ಯಾಕಿನಲ್ಲಿ ನೀರು ಹೊರಹೋಗಲು ಇರುವ ತೂತುಗಳು ಈ ಹೊರಗಲ್ಲಿನ ಮೇಲೆ ಬಾಯಿ ತೆರೆಯಬೇಕು, ಅವನ್ನು ಗಾರೆಯಿಂದ ಮುಚ್ಚುವುದೇ ಅತಿ ಸಾಮಾನ್ಯ ತಪ್ಪು. ಚೌಕಟ್ಟು ಕೂರುವ ಗೋಡೆಯ ತಲೆಗೆ ಮೊದಲೇ ಜಲನಿರೋಧಕ ಲೇಪ ಬಳಿದು, ಅದನ್ನು ಎರಡೂ ಪಕ್ಕದಲ್ಲಿ ನಾಲ್ಕಾರು ಇಂಚು ಮೇಲಕ್ಕೆ, ಹಿಂಬದಿಯಲ್ಲಿ ಒಳಗಿನ ಕಲ್ಲಿನ ಅಡಿಯವರೆಗೆ ಎತ್ತಿರಬೇಕು, ತಟ್ಟೆಯ ಅಂಚಿನ ಹಾಗೆ. ತಳದ ಟ್ರ್ಯಾಕಿಗೆ ತಿರುಪು ಹೊಡೆಯಬಾರದು, ಪಕ್ಕಗಳಿಗೆ ಹೊಡೆದರೆ ಸಾಕು. ಗ್ರಿಲ್ಲಿನ ಕಾಲುಗಳನ್ನೂ ಅಷ್ಟೇ, ಕೆಳಗಿನ ಕಲ್ಲಿಗೆ ತೂತು ಕೊರೆದು ಊರದೆ ಪಕ್ಕದ ಗೋಡೆಗೆ ಹಿಡಿಸಬೇಕು. ಕಲ್ಲಿನ ತೂತಿನಲ್ಲಿ ತುಕ್ಕು ಹಿಡಿದ ಸರಳು ಉಬ್ಬಿ ಕಲ್ಲನ್ನೇ ಒಡೆಯುತ್ತದೆ.

ಇಷ್ಟೆಲ್ಲ ಏಕೆ, ಒಳ್ಳೆಯ ಸಿಲಿಕೋನ್ ತುಂಬಿದರೆ ಮುಗಿಯಿತಲ್ಲ ಎಂಬುದು ಎರಡನೆಯ ಆಕ್ಷೇಪ, ಬಲವಾದದ್ದೂ ಹೌದು, ಏಕೆಂದರೆ ಮೊದಲ ಒಂದೆರಡು ವರ್ಷ ಅದು ನಿಜವಾಗಿಯೇ ಕೆಲಸ ಮಾಡುತ್ತದೆ. ತೊಂದರೆಯೆಂದರೆ ಕಲ್ಲು ಮತ್ತು ಚೌಕಟ್ಟು ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಐದು ಅಡಿಯ ಕಿಟಕಿಯಲ್ಲಿ 30 ಡಿಗ್ರಿ ಉಷ್ಣಾಂಶ ಏರಿದರೆ ಗ್ರಾನೈಟ್ ಅರ್ಧ ಮಿ.ಮೀಗಿಂತ ಕಡಿಮೆ ಬೆಳೆಯುತ್ತದೆ, ಅಲ್ಯುಮಿನಿಯಂ ಒಂದು ಮಿ.ಮೀ ದಾಟುತ್ತದೆ, ಯುಪಿವಿಸಿ ಮೂರು ಮಿ.ಮೀ ಮುಟ್ಟುತ್ತದೆ. ದಿನಕ್ಕೊಮ್ಮೆ ಹಿಗ್ಗಿ ಕುಗ್ಗುವ ಈ ಎಳೆದಾಟವನ್ನು ಕೂದಲೆಳೆಯ ಸಂದಿನಲ್ಲಿ ಒರೆಸಿಬಿಟ್ಟ ಅಂಟು ತಾಳುವುದಿಲ್ಲ. ಅದಕ್ಕೇ ಐದಾರು ಮಿ.ಮೀ ಸಂದು ಬೇಕು. ಸಂದಿನ ಆಳಕ್ಕೆ ಮೊದಲು ಫೋಮಿನ ಹುರಿ ತುರುಕಿ, ಅಂಟು ಎರಡು ಪಕ್ಕಕ್ಕಷ್ಟೇ ಹಿಡಿದು ತಳಕ್ಕೆ ಹಿಡಿಯದಂತೆ ನೋಡಿಕೊಳ್ಳಬೇಕು. ಮೂರೂ ಕಡೆ ಹಿಡಿದ ಅಂಟು ಹಿಗ್ಗಲಾರದೆ ಹರಿಯುತ್ತದೆ. ಅಂಟಿನ ಜಾತಿಯೂ ಮುಖ್ಯ. ವಿನೆಗರಿನ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ. ಕಡಪ, ಶಹಾಬಾದ್, ಅಮೃತಶಿಲೆಯಂಥ ಸುಣ್ಣದಂಶದ ಕಲ್ಲುಗಳಿಗೆ ಹುಣಸೆಹುಳಿ ಏನು ಮಾಡುತ್ತದೋ ಅದನ್ನೇ ಅದೂ ಮಾಡುತ್ತದೆ, ಲೋಹವನ್ನೂ ತಿನ್ನುತ್ತದೆ. ಕಲ್ಲಿಗೆಂದೇ ಬರುವ ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನನ್ನೇ ಕೇಳಿ ತರಿಸಬೇಕು. ಇಷ್ಟು ಮಾಡಿದ ಮೇಲೂ ಅಂಟಿಗೆ ವಯಸ್ಸಾಗುತ್ತದೆ. ಮೆಟ್ಟಿಲಿರುವ ಕಿಟಕಿಯಲ್ಲಿ ಅಂಟು ಸೋತರೆ ಒಳಗಿನ ಸಂದು ಕೊಳಕಾಗುತ್ತದೆ, ಅಷ್ಟೇ. ಮೆಟ್ಟಿಲಿಲ್ಲದ ಕಿಟಕಿಯಲ್ಲಿ ಅದು ಸೋತರೆ ಕಟ್ಟೆಯ ಕೆಳಗಿನ ಪ್ಲೈವುಡ್ ಕಪಾಟು ಉಬ್ಬಿದಾಗಲೇ ಗೊತ್ತಾಗುವುದು.

ಕಟ್ಟೆಯನ್ನೇ ಹೊರಕ್ಕೆ ವಾಟ ಕೊಟ್ಟು ಇಳಿಸಿದರೆ ಒಳಗಿನ ನೀರೂ ತಾನಾಗಿ ಹೋಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಒಳಗಿನ ನೀರೆಂದರೆ ಮಳೆನೀರಲ್ಲ, ಅಕ್ಕಿ ತೊಳೆದದ್ದು, ಅರಿಶಿನ ಬಿದ್ದದ್ದು, ಉಕ್ಕಿದ ಹಾಲು. ಅದು ಟ್ರ್ಯಾಕಿಗೆ ಇಳಿದರೆ ಸಾಸಿವೆ, ರವೆ, ಕೊತ್ತಂಬರಿ ಎಸಳು ಸೇರಿ ನೀರುತೂತು ಕಟ್ಟಿಕೊಂಡು, ಮರುದಿನದ ಮಳೆಗೆ ದಾರಿಯಿಲ್ಲದಂತಾಗುತ್ತದೆ. ಕಟ್ಟೆಯ ವಾಟ, ಕೊಡುವುದಾದರೆ, ಸಿಂಕಿನ ಕಡೆಗೇ ಇರಲಿ, ಅದೂ ಕಣ್ಣಿಗೆ ಕಾಣದಷ್ಟು. ಇಲ್ಲಿ ಚಿತ್ರದ ಭಕ್ತರಿಗೆ ಸ್ವಲ್ಪ ನಿರಾಸೆ ಮಾಡಲೇಬೇಕು. ಜಾರುವ ಕಿಟಕಿಯಾದರೆ ಟ್ರ್ಯಾಕಿನ ಒಳದಂಡೆಯನ್ನು ಕಲ್ಲಿಗಿಂತ ಐದಾರು ಮಿ.ಮೀ ಮೇಲೆ ಬಿಡುವುದೇ ಜಾಣತನ. ಒಂದು ರೊಟ್ಟಿಯ ದಪ್ಪದ ಆ ಅಂಚು ನೋಟವನ್ನು ಕೆಡಿಸುವುದಿಲ್ಲ, ಚೆಲ್ಲಿದ ಸಾರನ್ನು ತಡೆಯುತ್ತದೆ. ಪೂರ್ತಿ ಸಮವೇ ಬೇಕೆನ್ನುವವರಿಗೆ ಇನ್ನೊಂದು ದಾರಿಯಿದೆ: ಕೆಳಗಿನ ಎಂಟು-ಹತ್ತು ಇಂಚಿಗೆ ತೆರೆಯದ ಗಾಜು ಕೂರಿಸಿ, ತೆರೆಯುವ ಭಾಗವನ್ನು ಹಳೆಯ ಮೂರೂವರೆ ಅಡಿಯ ಎತ್ತರದಿಂದ ಶುರುಮಾಡುವುದು. ನನಗೆ ಇದೇ ಹೆಚ್ಚು ಒಪ್ಪಿಗೆ. ನೋಟ ಸಿಗುತ್ತದೆ, ಟ್ರ್ಯಾಕ್ ಕಟ್ಟೆಯಿಂದ ದೂರವಾಗುತ್ತದೆ, ಲೋಟ ಉರುಳಿ ಕಿಟಕಿಯಾಚೆ ಬೀಳುವುದಿಲ್ಲ. ತೊಡಕೊಂದೇ, ಆ ಗಾಜಿನ ಹೊರಮೈಯನ್ನು ಹೊರಗಿನಿಂದಲೇ ಒರೆಸಬೇಕು. ನೆಲಮಹಡಿಗೆ ಸರಿ, ಮೂರನೆಯ ಮಹಡಿಯಲ್ಲಿ ಗ್ರಿಲ್ಲಿನ ಹಿಂದಿರುವ ಗಾಜಿಗೆ ಯಾರ ಕೈಯೂ ಎಟುಕದು. ಅಪಾರ್ಟ್‌ಮೆಂಟಿನವರು ಜಾರುವ ಕಿಟಕಿಯನ್ನೇ ನೆಚ್ಚಿಕೊಳ್ಳಲಿ.

ಕಿಟಕಿ ಕೆಳಗಿಳಿದರೆ ಗೋಡೆಯ ಮೇಲಿದ್ದ ವಸ್ತುಗಳೆಲ್ಲ ಜಾಗ ಕಳೆದುಕೊಳ್ಳುತ್ತವೆ ಎಂಬುದನ್ನು ನಕ್ಷೆ ಬರೆಯುವಾಗಲೇ ಎಣಿಸಬೇಕು. ಗೋಡೆಯಿಂದ ಬರುವ ನಲ್ಲಿ ಹೋಗುತ್ತದೆ, ಕಲ್ಲಿನ ಮೇಲೆ ನಿಲ್ಲುವ ನಲ್ಲಿ ಬೇಕಾಗುತ್ತದೆ. ಅದು ಹಂಸದ ಕೊರಳಿನಂತೆ ಎತ್ತರವಿದ್ದರೆ ಒಳಕ್ಕೆ ತೆರೆಯುವ ಕಿಟಕಿಬಾಗಿಲು ತಾಗುತ್ತದೆ, ಹಾಗಾಗಿ ಜಾರುವುದು ಅಥವಾ ಹೊರಕ್ಕೆ ತೆರೆಯುವುದೇ ಗತಿ. ಹೊರಗೆ ಗ್ರಿಲ್ ಇದ್ದರೆ ಹೊರಕ್ಕೆ ತೆರೆಯುವುದೂ ಇಲ್ಲ. ಮಿಕ್ಸಿ, ಗ್ರೈಂಡರುಗಳ ಪ್ಲಗ್ಗು ಪಕ್ಕದ ಗೋಡೆಗೆ ಹೋಗಬೇಕು. ಒಲೆಯಂತೂ ಈ ಕಿಟಕಿಯ ಮುಂದೆ ಬರಲೇಬಾರದು. ಗಾಳಿಗೆ ಉರಿ ವಾಲುತ್ತದೆ, ಆರಿದರೆ ಅನಿಲ ಸೋರುತ್ತದೆ, ಒಗ್ಗರಣೆಯ ಎಣ್ಣೆ ಗಾಜಿಗೆ ಸಿಡಿಯುತ್ತದೆ. ಕಿಟಕಿ ಕೆಳಗಿದ್ದರೆ ಸೋರಿದ ಅನಿಲ ಹೊರಹೋಗುವುದಲ್ಲ ಎಂಬ ಸಮಾಧಾನವೂ ಸುಳ್ಳು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, 34 ಇಂಚು ಹತ್ತಿ ಕಿಟಕಿಯಿಂದ ದಾಟುವುದಿಲ್ಲ. ನಮ್ಮ ಮನೆಗಳಲ್ಲಿ ಇದಕ್ಕೆ ವಾಸ್ತುವಿನ ಗಂಟೊಂದಿದೆ. ಅಡುಗೆಮನೆ ಆಗ್ನೇಯಕ್ಕೆ, ಬೇಯಿಸುವವರು ಪೂರ್ವಕ್ಕೆ ಮುಖಮಾಡಿ ಎಂದರೆ ಒಲೆ ಬರುವುದು ಪೂರ್ವದ ಗೋಡೆಗೆ, ಬೆಳಗಿನ ಬಿಸಿಲಿಗೆಂದು ಕಿಟಕಿ ಇಡುವುದೂ ಅದೇ ಗೋಡೆಗೆ. ನಂಬುವವರು ಆ ಗೋಡೆಯನ್ನು ಎರಡು ಪಾಲು ಮಾಡಿ ದಕ್ಷಿಣದ ಪಾಲನ್ನು ಒಲೆಗೂ ಉತ್ತರದ ಪಾಲನ್ನು ಕಿಟಕಿ, ಸಿಂಕುಗಳಿಗೂ ಬಿಟ್ಟರೆ ಶಾಸ್ತ್ರವೂ ಸುರಕ್ಷತೆಯೂ ಜಗಳವಾಡುವುದಿಲ್ಲ. ಗಾಜು ಮಾತ್ರ ಟಫನ್ಡ್ ಇರಲಿ, ಕುಕ್ಕರಿನ ಹಿಡಿ ತಗಲುವುದು ಇನ್ನು ಗೋಡೆಗಲ್ಲ, ಗಾಜಿಗೆ.

ಅತಿ ಹೆಚ್ಚು ಎಡವುವುದು ಮಟ್ಟದ ಲೆಕ್ಕದಲ್ಲಿ. ಗೋಡೆ ಏಳುವಾಗ ನೆಲಕ್ಕೆ ಟೈಲ್ಸ್ ಬಿದ್ದಿರುವುದಿಲ್ಲ. ಗಾರೆಯ ಹಾಸು ಮತ್ತು ಟೈಲ್ಸ್ ಸೇರಿ ನೆಲ ಆಮೇಲೆ ಎರಡೂವರೆ ಇಂಚಿನಷ್ಟು ಏರುತ್ತದೆ. ಹಾಗಾಗಿ 34 ಇಂಚಿನ ಕಟ್ಟೆಯ ತಲೆ ಹಸಿ ನೆಲದಿಂದ ಮೂವತ್ತಾರೂವರೆ ಇಂಚು. ಅದರಿಂದ ಚೌಕಟ್ಟಿನ ತಳದ 45 ಮಿ.ಮೀ, ಅದರ ಕೆಳಗೆ ಹೊರಗಲ್ಲಿನ ದಪ್ಪ 20 ಮಿ.ಮೀ, ಗಾರೆಯ ಹಾಸು 20 ಮಿ.ಮೀ ಕಳೆದರೆ ಗೋಡೆ ನಿಲ್ಲಬೇಕಾದದ್ದು ಸುಮಾರು 33 ಇಂಚಿಗೆ. ರೂಢಿಯಂತೆ ಮೂರೂವರೆ ಅಡಿ ಏರಿಸಿದ ಮೇಲೆ ನೆನಪಾದರೆ ಒಡೆಯಬೇಕು. ಒಡೆಯುವುದೇನೂ ಅಸಾಧ್ಯವಲ್ಲ. ಕಿಟಕಿಯ ಅಗಲ ಹೆಚ್ಚಿಸದೆ ಕೆಳಕ್ಕಷ್ಟೇ ಇಳಿಸಿದರೆ ಲಿಂಟಲಿನ ಮೇಲೆ ಹೊಸ ಭಾರ ಬೀಳುವುದಿಲ್ಲ. ಆದರೆ ಈಚೆಗೆ ಅನೇಕರು ಸಿಲ್ ಮಟ್ಟದಲ್ಲಿ ಕಂಬಿ ಹಾಕಿ ಕಾಂಕ್ರೀಟ್ ಪಟ್ಟಿ ಹಾಯಿಸುತ್ತಾರೆ, ಅದನ್ನು ಎಂಜಿನಿಯರನ್ನು ಕೇಳದೆ ಕತ್ತರಿಸಬಾರದು. ಹಳೆಯ ಮನೆ ಬದಲಾಯಿಸುವವರು ಗೋಡೆ ಕೆರೆದು ಇದನ್ನೇ ಮೊದಲು ನೋಡಲಿ. ಕೆಲಸದ ಸರದಿಯೂ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ ಕಟ್ಟೆಗಲ್ಲು ಹಾಸಿ, ಟೈಲ್ಸ್ ಮುಗಿಸಿ, ಕೊನೆಗೆ ಕಿಟಕಿಯವರನ್ನು ಕರೆಯುತ್ತೇವೆ. ಇಲ್ಲಿ ಹೊರಗಲ್ಲು ಮೊದಲು, ಚೌಕಟ್ಟು ಆಮೇಲೆ, ಒಳಗಿನ ಕಲ್ಲು ಕೊನೆಗೆ. ಕಲ್ಲಿನವರೂ ಕಿಟಕಿಯವರೂ ಒಂದು ದಿನ ಒಟ್ಟಿಗೆ ನಿಂತು ಒಂದೇ ಮಟ್ಟದ ಗುರುತು ಒಪ್ಪಿಕೊಳ್ಳದಿದ್ದರೆ, ಆಮೇಲೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ.

ಖರ್ಚಿನ ಮಾತಿಗೆ ಬಂದರೆ ಒಂದು ಪಟ್ಟಿ ಟೈಲ್ಸ್ ಉಳಿಯುತ್ತದೆ, ಗಾಜು, ಹೊರಗಲ್ಲು, ಗೀರು ಹೊಡೆಯುವ ಕೂಲಿ ಸೇರುತ್ತದೆ. ಮನೆಯ ಒಟ್ಟು ಖರ್ಚಿನಲ್ಲಿ ಅದು ದೊಡ್ಡದಲ್ಲ. ದೊಡ್ಡದಾಗುವುದು ತಪ್ಪಿದ್ದನ್ನು ತಿದ್ದುವ ಖರ್ಚು. ಗೀರನ್ನೂ ಸಿಂಕಿನ ತೂತನ್ನೂ ಮನೆಯೊಳಗೆ ಒಣಗಲ್ಲಿನ ಮೇಲೆ ಗ್ರೈಂಡರ್ ಹಿಡಿದು ಕೊರೆಸಬೇಡಿ. ಕಲ್ಲಿನ ಅಂಗಳದಲ್ಲೇ ನೀರು ಬಿಡುತ್ತ ಕತ್ತರಿಸಿ ತರಿಸಿ. ಆ ಬಿಳಿದೂಳಿನಲ್ಲಿರುವ ಸಿಲಿಕಾ ಕೆಲಸಗಾರನ ಪುಪ್ಪುಸವನ್ನು ಶಾಶ್ವತವಾಗಿ ಕೆಡಿಸುತ್ತದೆ. ಸಿಲಿಕಾ ಇನ್ನೂ ಹೆಚ್ಚಿರುವ, ‘ಕ್ವಾರ್ಟ್ಜ್’ ಎಂದು ಮಾರುವ ಕೃತಕ ಕಲ್ಲಿನ ಹಲಗೆಗಳನ್ನು ಆಸ್ಟ್ರೇಲಿಯಾ ಇದೇ ಕಾರಣಕ್ಕೆ 2024ರ ಜುಲೈ 1ರಿಂದ ನಿಷೇಧಿಸಿದೆ. ಚಿತ್ರ ಬಂದದ್ದು ಎಲ್ಲಿಂದಲೋ ಈ ಎಚ್ಚರವೂ ಅಲ್ಲಿಂದಲೇ ಬರಲಿ.

ಕೊನೆಯ ಕಂತಿನ ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಒಳಗೆ ಕಲ್ಲಿನ ಮೇಲೆ, ಕೆಳಗಿನ ಕಪಾಟಿನೊಳಗೆ ಹಳೆಯ ಪತ್ರಿಕೆ ಹಾಸಿ, ಕಿಟಕಿ ಮುಚ್ಚಿ, ಹೊರಗಿನಿಂದ ಪೈಪು ಹಿಡಿದು ಗಾಜಿನ ಬುಡಕ್ಕೆ ಹದಿನೈದು ನಿಮಿಷ ನೀರು ಬಿಡಿ. ಪತ್ರಿಕೆಯ ಒಂದು ಮೂಲೆ ನೆನೆದಿದ್ದರೂ ಕೆಲಸ ಮುಗಿದಿಲ್ಲ.